ಬಿಸಿನೀರಿಗಿಳಿದ ಹವಳ

ಸಿಂಧನೂರಿನ ನಮ್ಮ ವಿಜ್ಞಾನದ ಮಾಸ್ತರರು ಪ್ರತಿ ಪಾಠಕ್ಕೂ ಮೊದಲು ತೋಳು ಮಡಚಿ, "ಕಣ್ಲೆ ನೋಡ್ರಿ, ಆಮ್ಯಾಲ ನಂಬ್ರಿ" ಎನ್ನುತ್ತಿದ್ದರು. ಕಾಲುವೆಗೆ ನೀರು ಬಂದ ಹೊಸತರಲ್ಲಿ ಒಂದು ದಿನ ಸಮುದ್ರದ ಪಾಠವಿತ್ತು.

"ಹವಳ ಅಂದ್ರ ಪ್ರಾಣಿ. ನೀರು ಬಿಸಿಯಾದ್ರ ಅದರ ಉಸಿರು, ಹಸಿವು ಎರಡೂ ಏರ್ತಾವ. ತನಗ ಉಣ್ಣಾಕ, ಬಣ್ಣ ಎರಡೂ ಕೊಡೋ ಪಾಚೀನ್ನೇ ಮೈಯಿಂದ ಹೊರಗ ಹಾಕಿ ಬೆಳ್ಳಗಾಗ್ತೈತಿ. ಉಂಗುರದಾಗಿನ ಹವಳ ಬರೇ ಎಲುಬು, ಅದಕ್ಕ ಏನೂ ಆಗಂಗಿಲ್ಲ."

ಹೀಗೆಂದ ನಮ್ಮ ಮಾಸ್ತರರು, ಹೆಡ್‌ಮಾಸ್ತರರು ಮಸ್ಕಿ ಸಂತೆಯಲ್ಲಿ ಕೊಂಡಿದ್ದ ಹವಳದುಂಗುರವನ್ನು ಕೇಳಿ ತಂದು ಬಿಸಿನೀರಿಗೆ ಬಿಟ್ಟರು. ನೀರು ಕೆಂಪಾಯಿತು, ಹವಳ ಬಿಳಿಚಿತು. ಅದು ನಕಲಿ ಎಂದು ನಮಗೂ ತಿಳಿಯಿತು.

ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. "ಏನ್ ಮಾಡಿದ್ರಿ? ಇವತ್ತೇ ನಿಮ್ಮ ವರ್ಗಾವಣೆಗೆ ಬರೀತೀನಿ!"

ಮಾಸ್ತರರು ಕೈಮುಗಿದರು. "ತಪ್ಪು ನಂದೇ ಸಾಹೇಬ್ರ. ಎಲುಬು ಅಂದುಬಿಟ್ಟೆ. ನಿಮ್ಮ ಹವಳಕ್ಕ ಇನ್ನಾ ಜೀವ ಐತ್ರಿ!"

ಹೆಡ್‌ಮಾಸ್ತರರು ಬಿಳಿ ಉಂಗುರವನ್ನು ಮೆಲ್ಲಗೆ ತೊಟ್ಟುಕೊಂಡು, ದನಿ ತಗ್ಗಿಸಿ ಕೇಳಿದರು: "ಹಂಗಾರ ಇದಕ್ಕ ಉಣ್ಣಾಕ ಏನ್ ಹಾಕ್ಬೇಕ್ರಿ?"