ಮಗಳನ್ನು ಟ್ಯಾಕ್ಸ್ ಲೆಕ್ಕದಲ್ಲಿ ತೋರಿಸಿದ ವರ್ಷ

ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡ ಆ ವರ್ಷ ನನ್ನ ಗಂಡನ ಕೆಲಸವೂ ಹೋಯಿತು. ಪಕ್ಕದ ಊರು ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಅವರ ಇಡೀ ಟೀಮನ್ನೇ ಒಂದು ಮಧ್ಯಾಹ್ನ ಮನೆಗೆ ಕಳಿಸಿದರು. ಕಾಲೇಜು ಹಾಸ್ಟೆಲಿನಲ್ಲಿದ್ದ ಮಗಳಿಗೆ ಹೇಳಕೂಡದೆಂದು ಅವರು ನನ್ನಿಂದ ಮಾತು ತೆಗೆದುಕೊಂಡರು. ಅವಳ ಓದು ಕೆಡುತ್ತದಂತೆ. ನಾವಿದ್ದ ಸಮರ್‌ಸೆಟ್‌ನ ಪರಿಚಯದವರಿಗಂತೂ ಸುಳಿವೇ ಸಿಗಬಾರದು. ಹಾಗಾಗಿ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಎಂದಿನ ಹೊತ್ತಿಗೇ ಹೊರಡುತ್ತಿದ್ದರು. ಯಾವುದೋ ಲೈಬ್ರರಿಯಲ್ಲಿ ಕೂತು ಅರ್ಜಿ ಹಾಕುತ್ತಾರೆಂದಷ್ಟೇ ನನಗೆ ಗೊತ್ತಿತ್ತು. ಈ ನಾಟಕ ನೋಡಿ ನನಗೆ ಮೈ ಉರಿಯುತ್ತಿತ್ತು. ಆದರೂ ಕೊಟ್ಟ ಮಾತಿಗೆ ಬಾಯಿ ಮುಚ್ಚಿಕೊಂಡಿದ್ದೆ.

ಟ್ಯಾಕ್ಸ್ ರಿಟರ್ನ್ ಸಲ್ಲಿಸುವ ಕಾಲ ಬಂತು. ಓದುತ್ತಿರುವ ಮಗಳನ್ನು ನಮ್ಮ ರಿಟರ್ನ್‌ನಲ್ಲಿ ಡಿಪೆಂಡೆಂಟ್, ಅಂದರೆ ನಮ್ಮ ಆಶ್ರಯದಲ್ಲಿರುವವಳು ಎಂದು ತೋರಿಸಿದರೆ ತೆರಿಗೆ ಕಡಿಮೆಯಾಗುತ್ತದೆ, ಕಾಲೇಜು ಫೀಸಿನ ಲೆಕ್ಕದಲ್ಲೂ ಒಂದಿಷ್ಟು ವಾಪಸು ಬರುತ್ತದೆ. ಆ ರೀಫಂಡ್ ನಂಬಿಕೊಂಡೇ ನಾವು ಉಸಿರು ಹಿಡಿದಿದ್ದೆವು. ಮನೆಸಾಲದ ಕಂತು ಆಗಲೇ ತಪ್ಪಿತ್ತು. ಇನ್ನೂ ತಪ್ಪಿದರೆ ಮನೆ ಉಳಿಯುವುದು ಅನುಮಾನವಾಗಿತ್ತು.

ಆನ್‌ಲೈನಿನಲ್ಲಿ ಕಳಿಸಿದ ರಿಟರ್ನ್ ರಿಜೆಕ್ಟ್ ಆಗಿ ಬಂತು. ಮಗಳಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ಬೇಸಿಗೆಯಲ್ಲಿ ಲ್ಯಾಬ್‌ನಲ್ಲಿ ದುಡಿದಿದ್ದಳಲ್ಲ, ಅದಕ್ಕೆ ತಾನೇ ರಿಟರ್ನ್ ಸಲ್ಲಿಸಿ, ತಾನು ಯಾರ ಡಿಪೆಂಡೆಂಟೂ ಅಲ್ಲ ಎಂದು ತುಂಬಿಬಿಟ್ಟಿದ್ದಳು. ಒಬ್ಬರನ್ನೇ ಎರಡು ಕಡೆ ತೋರಿಸುವ ಹಾಗಿಲ್ಲ.

"ಅವಳು ಅದನ್ನ ತಿದ್ದಿ ಅಮೆಂಡ್ ಮಾಡ್ಲೇಬೇಕು. ಆದ್ರೆ ಯಾಕೆ ಅಂತ ಕೇಳಿದ್ರೆ?" ಎಂದರು ಗಂಡ.

"ನಿಜ ಹೇಳ್ತೀನಿ."

"ಬೇಡ, ನನ್ನಾಣೆ."

ಆಣೆ ಹಾಕುವ ಕೆಲಸದಿಂದ ಮಾತ್ರ ಅವರಿಗೆ ಯಾವತ್ತೂ ಲೇಆಫ್ ಆಗಲಿಲ್ಲ.

ಮಗಳ ಹಾಸ್ಟೆಲಿಗೆ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿದೆ. ಹಾಸ್ಟೆಲಿನ ಪಾರ್ಕಿಂಗ್‌ನಲ್ಲಿ ಮಗಳು ಕಾರು ಹತ್ತಿ ಪಕ್ಕದಲ್ಲಿ ಕೂತಳು. ರಿಟರ್ನ್ ತಿದ್ದಿ, ನಮ್ಮ ಡಿಪೆಂಡೆಂಟ್ ಎಂದು ಕಳಿಸು ಎಂದೆ.

"ವೈ, ಅಮ್ಮ? ಅಪ್ಪಂಗೆ ಒಳ್ಳೆ ಸಂಬಳ ಇದೆಯಲ್ಲ" ಎಂದು ನನ್ನ ಮುಖವನ್ನೇ ನೋಡಿದಳು.

ಬಾಯಿಪಾಠವೆಲ್ಲ ಮರೆತುಹೋಯಿತು. "ಹೇಳಿದಷ್ಟು ಮಾಡು, ಪ್ರಶ್ನೆ ಕೇಳ್ಬೇಡ" ಎಂದು ಗದರಿದೆ.

ಅವಳು ಕಿಟಕಿಯ ಕಡೆ ತಿರುಗಿದಳು. "ಐ ನೋ, ಅಮ್ಮ. ಅಪ್ಪ ದಿನಾ ನಮ್ಮ ಕ್ಯಾಂಪಸ್ ಲೈಬ್ರರಿಗೇ ಬರ್ತಾರೆ. ನನ್ನ ಕ್ಲಾಸೆಲ್ಲ ನದಿಯ ಆ ಕಡೆಯ ಕ್ಯಾಂಪಸ್‌ನಲ್ಲಿ ಅಂದ್ಕೊಂಡಿದಾರೆ. ಈ ಸೆಮಿಸ್ಟರ್ ಇಲ್ಲೇ ಇದೆ ಅಂತ ಗೊತ್ತಿಲ್ಲ ಅವ್ರಿಗೆ."

"ಮಾತಾಡಿಸ್ಲಿಲ್ವೇನೇ?"

"ಹೌ ಕುಡ್ ಐ? ಹಿಂದಿನ ಟೇಬಲ್‌ನಲ್ಲಿ ಕೂತು ನೋಡ್ತಿರ್ತೀನಿ. ಊಟಕ್ಕೂ ಏಳಲ್ಲ. ಇಂಥ ಟೈಮಲ್ಲಿ ನಾನೂ ಯಾಕೆ ಅವ್ರ ಮೇಲೆ ಭಾರ ಅಂತ ಅವ್ರ ಲೆಕ್ಕದಿಂದ ನನ್ನನ್ನ ನಾನೇ ತೆಗೆದ್ಬಿಟ್ಟೆ. ಐ ಥಾಟ್ ಐ ವಾಸ್ ಹೆಲ್ಪಿಂಗ್."

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಮಗಳಿಬ್ಬರೂ ಒಬ್ಬರಿಗೊಬ್ಬರು ಕಷ್ಟ ಕೊಡಬಾರದೆಂದು ಮನೆಯನ್ನೇ ಕಳೆಯಲು ಹೊರಟಿದ್ದರು. ಕೆಲಸ ಹೋಗುವ ಮುಂಚಿನ ಸಂಬಳಕ್ಕೆ ಅವರು ತೆರಿಗೆ ಕಟ್ಟಿದ್ದಾರೆ, ನೀನು ಅವರ ರಿಟರ್ನ್‌ನಲ್ಲಿದ್ದರೇ ಮನೆಗೆ ಅನುಕೂಲ ಎಂದು ವಿವರಿಸಿದೆ. ಅಂದೇ ಸರಿಪಡಿಸಿ ಕಳಿಸುತ್ತೇನೆಂದಳು. ಇಳಿಯುವಾಗ ನನ್ನ ಕೈ ಹಿಡಿದು, "ನಂಗೆ ಗೊತ್ತು ಅಂತ ಅಪ್ಪಂಗೆ ಹೇಳ್ಬೇಡ, ಪ್ರಾಮಿಸ್?" ಎಂದಳು.

ನಾನು ಕಾರು ಸ್ಟಾರ್ಟ್ ಮಾಡಿದೆ. ಮಾತು ಕೊಡಲಿಲ್ಲ.

ಗಂಡ ಮನೆಯ ಬಾಗಿಲಲ್ಲೇ ಕಾಯುತ್ತಿದ್ದರು. "ಒಪ್ಕೊಂಡ್ಳಾ? ಯಾಕೆ ಅಂತ ಏನಾದ್ರೂ ಕೇಳಿದ್ಳಾ?"

"ಒಪ್ಕೊಂಡ್ಳು" ಎಂದೆ. "ನಾಳೆಯಿಂದ ಎರಡು ಡಬ್ಬಿ ಕಟ್ಕೊಡ್ತೀನಿ. ಒಂದು ನಿಮಗೆ. ಇನ್ನೊಂದನ್ನ ಲೈಬ್ರರಿಯಲ್ಲಿ ನಿಮ್ಮ ಹಿಂದಿನ ಟೇಬಲ್‌ನಲ್ಲಿ ಕೂತಿರೋ ಹುಡುಗಿಗೆ ಕೊಡಿ."