ನೀವೇ ಅಲ್ಲಾಡಿದ್ರಿ, ಸಿಸ್ಟರ್

ಭಾವಮೈದ ಆಡಿದ ಆ ಒಂದು ಮಾತನ್ನು ಅವನು ಇಂದಿಗೂ ಮರೆತಿಲ್ಲ. ಮಾತು ಅಂಥ ದೊಡ್ಡದೇನಲ್ಲ. ಆದರೆ ಆಡಿದ್ದು ಕ್ಯಾಮೆರಾ ಲೆನ್ಸ್ ಅಂಗಡಿಯಲ್ಲಿ, ಸುತ್ತ ನಿಂತಿದ್ದವರೆಲ್ಲ ಅವನಂತೆಯೇ ಫೋಟೊ ತೆಗೆಯುವ ಕಸುಬಿನವರು.

"ಭಾವಾ, ಇದು ಒಂದೂವರೆ ಕೆಜಿ. ನಿಮ್ಮ ಭುಜಕ್ಕೆ ಇನ್ನು ಇದೆಲ್ಲ ಆಗಿಬರಲ್ಲ. ಮನೇಲಿರೋ ಹಗುರದ್ದೇ ಸಾಕು, ಸುಮ್ನೆ ನಡೀರಿ."

"ನಿಮ್ಮಕ್ಕನ್ನ ಇಪ್ಪತ್ತೆರಡು ವರ್ಷದಿಂದ ಹೊತ್ಕೊಂಡಿದೀನಿ, ಇದ್ಯಾವ ಭಾರ ಕಣೋ!"

ಅಂಗಡಿಯೇ ನಕ್ಕಿತು. ಅವನಿಗೆ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಆ ಹಟಕ್ಕೇ ಭಾರದ ಲೆನ್ಸ್ ಕೊಂಡು ತಂದ.

ತಂದದ್ದು ತಪ್ಪಲ್ಲ. ಭಾರದ್ದಕ್ಕೆ ಬಾಯಿ ಅಗಲ. ಮಬ್ಬು ಕೋಣೆಯಲ್ಲೂ ಬೆಳಕನ್ನು ಗಟಗಟನೆ ಕುಡಿದು, ರೆಪ್ಪೆ ಬಡಿಯುವುದರೊಳಗೆ ಚಿತ್ರ ಹಿಡಿದುಬಿಡುತ್ತದೆ. ಹಗುರದ್ದು ಬಿಸಿಲಿಗೆ ಸರಿ. ಬೆಳಕು ಕಡಿಮೆಯಾಯಿತೋ, ತಡವರಿಸುತ್ತದೆ. ಅಷ್ಟರಲ್ಲಿ ಹಿಡಿದ ಕೈ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನಾದರೂ ಇದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಎದುರು ನಿಂತವರ ಮೇಲೆಲ್ಲ "ಅಲ್ಲಾಡಬೇಡಿ!" ಎಂದು ರೇಗಿ ರೇಗಿ, ಬೀದಿಯಲ್ಲಿ ಅವನ ಹೆಸರೇ ಅಲ್ಲಾಡಬೇಡಿ ಎಂದಾಗಿತ್ತು.

ಆರು ತಿಂಗಳು ಹೊತ್ತ. ಭುಜ ಏಳದಂತಾಯಿತು. ಭಾವಮೈದನ ಕಿವಿಗೆ ಬಿದ್ದರೆ ಮಾನ ಹೋದೀತೆಂದು ಹಲ್ಲು ಕಚ್ಚಿಕೊಂಡಿದ್ದ.

ಆಗ ಬಂದದ್ದು ದೊಡ್ಡ ಸಿಸ್ಟರ್ ಅವರ ಕೆಲಸ. ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡನ್ನು ಮೂವತ್ತೊಂದು ವರ್ಷ ನೋಡಿಕೊಂಡವರು ಅವರು. ಇವನ ಮಗಳು ಅಂಗೈಯಗಲ ಹುಟ್ಟಿದಾಗ ನಲವತ್ತು ದಿನ ಕಾದು ಉಳಿಸಿಕೊಟ್ಟದ್ದೂ ಅವರೇ. ಕೆಲಸದ ಕೊನೆಯ ದಿನ ಒಂದು ಕೂಸನ್ನು ಎತ್ತಿಕೊಂಡ ಫೋಟೊ ಬೇಕು ಎಂದು ಬಾಯಿಬಿಟ್ಟು ಕೇಳಿದ್ದರು. "ಫ್ಲ್ಯಾಶ್ ಮಾತ್ರ ಬೇಡಪ್ಪ, ಮಕ್ಕಳ ಕಣ್ಣಿಗಾಗಲ್ಲ."

ಆ ಬೆಳಿಗ್ಗೆ ಅವನು ಭಾರದ ಲೆನ್ಸನ್ನು ಕೈಗೆತ್ತಿಕೊಂಡ. ಭುಜ ಚಳಕ್ ಎಂದಿತು. ಬೀರುವಿನಲ್ಲಿಟ್ಟು ಹಗುರದ್ದನ್ನು ಚೀಲಕ್ಕೆ ಹಾಕಿಕೊಂಡ.

ಹೆಂಡತಿ ನೋಡಿದಳು. "ಆ ವಾರ್ಡಲ್ಲಿ ಕತ್ತಲೆ ಅಲ್ವೇನ್ರಿ? ದೊಡ್ಡದು ಬೇಡ್ವಾ?"

"ನೀನ್ಯಾವಾಗ ಫೋಟೊಗ್ರಾಫರ್ ಆದೆ? ನಿನ್ನ ತಮ್ಮ ಹೇಳ್ಕೊಟ್ನಾ?"

ಅವಳು ಚೀಲದ ಜಿಪ್ ಎಳೆದುಕೊಟ್ಟಳು.

ವಾರ್ಡಿನಲ್ಲಿ ಪರದೆ ಎಳೆದಿತ್ತು. ಸಿಸ್ಟರ್ ಕೂಸನ್ನೆತ್ತಿಕೊಂಡು ಕಂಬದಂತೆ ನಿಂತರು. ನಾಲ್ಕು ತೆಗೆದ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಸ್ಟುಡಿಯೋಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ನಾಲ್ಕೂ ಕಲಸಿಹೋಗಿದ್ದವು. ಸಿಸ್ಟರ್, ಕೂಸು ಮಾತ್ರವಲ್ಲ, ಹಿಂದಿನ ಗೋಡೆಯ ಗಡಿಯಾರವೂ. ಗೋಡೆ ಅಲ್ಲಾಡುವುದುಂಟೇ? ಅಲುಗಿದ್ದು ಅವನ ಕೈ.

ನಾಲ್ಕರಲ್ಲಿ ವಾಸಿಯಾದ ಒಂದನ್ನು ಆರಿಸಿ, ಗಡಿಯಾರದ ಭಾಗ ಕತ್ತರಿಸಿ ಪ್ರಿಂಟ್ ತೆಗೆದ.

ಮರುದಿನ ಸಿಸ್ಟರ್ ಬಂದು ಕನ್ನಡಕ ಏರಿಸಿ ನೋಡಿದರು. "ಇದ್ಯಾಕಪ್ಪ, ಮಂಜು ಮಂಜಾಗಿದೆ?"

ಬಾಯಿಗೆ ರೂಢಿಯಾಗಿದ್ದ ಮಾತು, ತಡೆಯುವಷ್ಟರಲ್ಲಿ ಹೊರಗೆ ಬಿದ್ದಿತ್ತು. "ನೀವೇ ಅಲ್ಲಾಡಿದ್ರಿ, ಸಿಸ್ಟರ್."

ಅವರು ಫೋಟೊ ಬಿಟ್ಟು ತಮ್ಮ ಎರಡು ಕೈಗಳನ್ನು ನೋಡಿಕೊಂಡರು. "ಕೂಸನ್ನ ಎತ್ಕೊಂಡಾಗಲೂ ನಡುಗ್ತಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡು. ಕ್ಷಮಿಸಪ್ಪ, ನಿನ್ನ ಕೆಲಸ ಕೆಡಿಸಿಬಿಟ್ಟೆ."

ಅವನು ಲಕೋಟೆ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ.

ತಿಂಗಳಾದ ಮೇಲೆ ಊಟಕ್ಕೆ ಬಡಿಸುತ್ತಾ ಹೆಂಡತಿ ಹೇಳಿದಳು: "ಒಂದು ನರ್ಸಿಂಗ್ ಹೋಮಿನವರು ಕೂಸುಗಳನ್ನ ನೋಡ್ಕೊಳ್ಳೋಕೆ ಬನ್ನಿ ಅಂತ ಸಿಸ್ಟರ್‌ನ ಕರೆದ್ರಂತೆ. ಇವರು ಒಲ್ಲೆ ಅಂದ್ರಂತೆ. ಕೈ ನಡುಗುತ್ತೆ, ಫೋಟೊದಲ್ಲೇ ಗೊತ್ತಾಯ್ತು, ಯಾರ ಮಗೂನ ಬೀಳಿಸ್ಲಿ ಅಂತ."

ಈ ಸಲ ರೇಗಲು ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆಯೇ ಅವರ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಸಿಸ್ಟರ್ ಅಂಚಿನವರೆಗೆ ಚಹಾ ತುಂಬಿದ ಲೋಟವನ್ನು ಅಡುಗೆಮನೆಯಿಂದ ತಂದು ಅವನ ಕೈಗಿಟ್ಟರು. ಒಂದು ಹನಿ ತುಳುಕಿರಲಿಲ್ಲ.

"ಸಿಸ್ಟರ್, ಅವತ್ತಿನ ಫೋಟೊ..."

"ಅಯ್ಯೋ, ಇನ್ನೂ ಅದನ್ನೇ ತಲೇಲಿಟ್ಕೊಂಡಿದೀಯಾ? ತಪ್ಪು ನಂದು ಬಿಡಪ್ಪ. ವಯಸ್ಸಾಯ್ತಲ್ಲ. ಮಗಳು ಹೇಗಿದಾಳೆ?"

"ಚೆನ್ನಾಗಿದಾಳೆ."

"ಚೆನ್ನಾಗಿರ್ಲಿ."

ನಾಲಿಗೆಯ ತುದಿಯಲ್ಲಿದ್ದುದನ್ನು ಚಹಾದ ಜೊತೆ ನುಂಗಿ ಎದ್ದುಬಂದ. ಬಸ್ಸಿನಲ್ಲಿ ಕಾಲು ತುಳಿದವನೊಬ್ಬನ ಮೇಲೆ ಊರು ಕೇಳುವಂತೆ ಕೂಗಾಡಿದ.

ಅದೇ ವರ್ಷ ಸಿಸ್ಟರ್ ಮನೆ ಖಾಲಿ ಮಾಡಿ ಬೇರೆ ಊರಿನ ತಂಗಿಯ ಮನೆಗೆ ಹೋದರು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಬೆಳಿಗ್ಗೆ ಹೊರಟರೆ ಸಂಜೆಗೆ ಹೇಳಿ ಮುಗಿಸಿ ಬರಬಹುದು. ಹೆಂಡತಿ ವಿಳಾಸ ಬರೆದುಕೊಟ್ಟು ಮೂರು ವರ್ಷವಾಯಿತು. ಅವನು ಹೋಗಿಲ್ಲ.