ಬನಹಟ್ಟಿಯ ಗೆಳತಿಯ ತರ್ಕ

ಮುಂಬಯಿ ರಾಜ್ಯದ ದಿನಗಳಲ್ಲಿ ಪುಣೆಯ ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು ಬನಹಟ್ಟಿಯ ನೇಕಾರರ ಮಗಳು. ಬಿ.ಎ.ಗೆ ಸಂಗೀತ ತೆಗೆದುಕೊಂಡಿದ್ದಳು. ಇತಿಹಾಸ ಓದುವಾಗಲೂ ಅವಳ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಏನೇ ತಪ್ಪಿದರೂ "ಇನ್ನೊಮ್ಮೆ ನೋಡೂಣು" ಎನ್ನುತ್ತಿದ್ದಳು.

ಮೊದಲ ವರ್ಷ ಸಂಗೀತದಲ್ಲಿ ಎಲ್ಲರಿಗಿಂತ ಮುಂದೆ ಬಂದಳು, ತರ್ಕಶಾಸ್ತ್ರದಲ್ಲಿ ನಪಾಸಾದಳು. ರಜೆ ಮುಗಿದು ನಾನು ಅವಳನ್ನು ಕರೆಯಲು ಬನಹಟ್ಟಿಯ ಮನೆಗೆ ಹೋದಾಗ ಅವಳ ಅಪ್ಪ ಮಗ್ಗ ನಿಲ್ಲಿಸಿ ಅವಳನ್ನು ಕೇಳಿದರು.

"ಹಾಡಾಕ ಬರ್ತೈತಲ್ಲವಾ, ಸಾಕು. ತರ್ಕ ಕಲಿತು ಏನ ಮಾಡ್ತಿ?"

"ಹಾಡಾಕ ಮೊದಲ ಬರ್ತಿತ್ತಪ್ಪಾ. ಬರಲಾರದ್ದನ್ನ ಕಲಿಯಾಕ ಕಾಲೇಜಿಗೆ ಹೋಗೇನಿ."

ಅವರು ಎದ್ದು, ಅವಳ ಟ್ರಂಕು ತಾವೇ ಹೊತ್ತುಕೊಂಡು ಬಸ್ಸಿನವರೆಗೂ ಬಂದರು.

ಮರುಪರೀಕ್ಷೆಯಲ್ಲಿ ತರ್ಕಕ್ಕೆ ಅವಳಿಗೆ ನಾನು ಮೊದಲ ವರ್ಷ ತೆಗೆದದ್ದಕ್ಕಿಂತ ಹೆಚ್ಚು ಅಂಕ ಬಂದವು.